ರಿಟರ್ನ್ ಅಂದರೆ ವಾಪಸ್ಸು

ಇನ್ನೂರು ಪುಟದ ಆ ನೋಟ್‌ಬುಕ್ಕಿನಲ್ಲಿ 1,146 ಇಂಗ್ಲಿಷ್ ಪದಗಳಿವೆ. ‘ರಿಟರ್ನ್’ ಅನ್ನುವುದು 212ನೆಯದು. ಅದರ ಮುಂದೆ ನನ್ನ ಕೈಬರಹದಲ್ಲೇ ‘ಲಾಭ’ ಎಂದಿದೆ. ಆ ಒಂದು ಸಾಲು ನನಗೆ ಎಷ್ಟಕ್ಕೆ ಬಿತ್ತು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ‘ಇಷ್ಟು ದಡ್ಡರೂ ಇರುತ್ತಾರಾ’ ಅಂದುಕೊಂಡು ನೀವು ಪುಟ ತಿರುಗಿಸಿಬಿಡಬಹುದು. ನಾನು ದಡ್ಡನಲ್ಲ. ತೊಂದರೆಯಾದದ್ದೇ ಅದರಿಂದ.

ನಾನು ಚನ್ನಗಿರಿ ಕಡೆಯವನು. ಹೈಸ್ಕೂಲಿನ ತನಕ ಕನ್ನಡದಲ್ಲೇ ಓದಿ, ಬಿ.ಕಾಂ.ನ ಇಂಗ್ಲಿಷ್ ಪುಸ್ತಕಗಳನ್ನು ಗೈಡು ಉರು ಹೊಡೆದು ದಾಟಿದವನು. ಪದವಿ ಮುಗಿಸಿ ಬೆಂಗಳೂರಿಗೆ ಒಂದು ಇಂಟರ್‌ವ್ಯೂಗೆ ಹೋಗಿದ್ದೆ. ನಿಮ್ಮ ಬಗ್ಗೆ ಹೇಳಿ ಅಂದರು. ಹೆಸರು, ಊರು ಹೇಳಿದೆ, ಅಪ್ಪ ರೈತರು ಅಂದೆ, ಅಲ್ಲಿಗೆ ನನ್ನ ಇಂಗ್ಲಿಷ್ ಮುಗಿಯಿತು. ಎದುರಿಗಿದ್ದವರು ನಗಲಿಲ್ಲ. ನೀರು ಕುಡಿಯಿರಿ ಎಂದು ಲೋಟ ಮುಂದೆ ಸರಿಸಿದರು. ನಕ್ಕಿದ್ದರೆ ಮರೆತುಬಿಡುತ್ತಿದ್ದೆನೇನೋ, ಆ ಲೋಟ ಮಾತ್ರ ಮರೆಯಲಿಲ್ಲ. ಊರಿಗೆ ಬಂದು ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತನಾಗಿ ಸೇರಿದೆ. ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ ಬರೆದು, ತೂಕ ಹಾಕಿಸಿ, ಹಮಾಲಿ ಮುರಿದುಕೊಂಡು, ರೈತರಿಗೆ ಪಟ್ಟಿ ಬರೆದುಕೊಡುವುದು ಕೆಲಸ. ಅಲ್ಲಿ ಯಾರಿಗೂ ಇಂಗ್ಲಿಷ್ ಬೇಕಿರಲಿಲ್ಲ, ನನಗೆ ಬೇಕಿತ್ತು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಡೇಟಾ ಪುಕ್ಕಟೆ ಅಂದಮೇಲೆ ಕೇಳಬೇಕೆ, ಊರಿನ ಹುಡುಗರೆಲ್ಲ ಸಿನಿಮಾ ನೋಡತೊಡಗಿದರು. ನಾನು ಭಾಷಣಕ್ಕೆ ಬಿದ್ದೆ. ಯಾವುದೋ ಒಂದು ಭಾಷಣವಲ್ಲ, ಗೆದ್ದವರ ಭಾಷಣ. ಟೆಡ್ ವೇದಿಕೆಯ ಭಾಷಣಗಳಿಗೆ ಹದಿನೆಂಟು ನಿಮಿಷದ ಮಿತಿ ಇರುವುದು ನನಗೆ ವರವಾಯಿತು. ಮಂಡಿಯಿಂದ ಮನೆಗೆ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ. ಕಿವಿಗೆ ಸಿಕ್ಕಿಸಿಕೊಂಡರೆ ಮನೆ ಬರುವ ಹೊತ್ತಿಗೆ ಒಬ್ಬ ಅಮೆರಿಕದವನು ಸೋತು, ಎದ್ದು, ಗೆದ್ದು, ಚಪ್ಪಾಳೆ ತೆಗೆದುಕೊಂಡಿರುತ್ತಿದ್ದ. ರಾತ್ರಿ ಊಟವಾದ ಮೇಲೆ ಅದೇ ಭಾಷಣವನ್ನು ಕೆಳಗೆ ಅಕ್ಷರ ಬರುವಂತೆ ಮಾಡಿಕೊಂಡು ಮತ್ತೆ ನೋಡುವುದು, ಗೊತ್ತಿಲ್ಲದ ಐದು ಪದ ಆರಿಸಿ ಬರೆದುಕೊಳ್ಳುವುದು. ದಿನಕ್ಕೆ ಐದರ ಮೇಲೆ ಬೇಡ ಎಂದು ನಾನೇ ಮಾಡಿಕೊಂಡ ನೇಮ.

ಹೀಗೆ ಕಲಿಯುವುದರಲ್ಲಿ ಸುಖವಿತ್ತು, ಅದನ್ನು ಅಲ್ಲಗಳೆಯಲಾರೆ. ಸ್ಟೀವ್ ಜಾಬ್ಸ್ 2005ರ ಜೂನಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣವನ್ನು ಎಲ್ಲರೂ ಕೇಳಿರುತ್ತಾರೆ. ಅದರಲ್ಲಿ ಕಷ್ಟದ ಪದಗಳೇ ಕಡಿಮೆ. ಕಾಗದ ನೋಡಿಕೊಂಡು ನಿಧಾನವಾಗಿ ಓದುತ್ತಾರೆ, ಮೂರು ಕಥೆ ಹೇಳುತ್ತೇನೆ ಅನ್ನುತ್ತಾರೆ, ಮೂರೇ ಹೇಳುತ್ತಾರೆ. ಕಾಲೇಜು ಬಿಟ್ಟದ್ದು, ತಾನೇ ಕಟ್ಟಿದ ಕಂಪನಿಯಿಂದ ಹೊರಬಿದ್ದದ್ದು, ಸಾವನ್ನು ಹತ್ತಿರದಿಂದ ನೋಡಿದ್ದು. ಅಷ್ಟು ಸರಳವಾದ ಇಂಗ್ಲಿಷಿನಲ್ಲಿ ಅಷ್ಟು ದೊಡ್ಡ ಮಾತು ಆಡಬಹುದೇ ಎಂದು ಮೊದಲ ಸಲ ಧೈರ್ಯ ಬಂದದ್ದು ಅಲ್ಲಿಂದ. ಪದವಿ ಪ್ರದಾನಕ್ಕೆ ಅಲ್ಲಿ ‘ಕಮೆನ್ಸ್‌ಮೆಂಟ್’ ಅನ್ನುತ್ತಾರೆ, ಅದರ ಮೂಲ ಅರ್ಥ ‘ಆರಂಭ’ ಎಂದು ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲ. ಓದು ಮುಗಿದ ದಿನಕ್ಕೆ ಆರಂಭ ಅನ್ನುವ ಜನ!

ನಾರಾಯಣ ಮೂರ್ತಿಯವರು 2007ರಲ್ಲಿ ನ್ಯೂಯಾರ್ಕಿನ ಒಂದು ಬಿಸಿನೆಸ್ ಸ್ಕೂಲಿನಲ್ಲಿ ಮಾಡಿದ ಭಾಷಣವಂತೂ ಕಿವಿಗೆ ಇನ್ನೂ ಹತ್ತಿರ. ಶಿಡ್ಲಘಟ್ಟದಲ್ಲಿ ಹುಟ್ಟಿದವರ ಇಂಗ್ಲಿಷು, ಎರಡನೆಯ ಸಲ ಕೇಳಬೇಕಾಗಿಲ್ಲ. 1974ರಲ್ಲಿ ಯುರೋಪಿನಲ್ಲಿ ಅಲೆಯುತ್ತಿದ್ದಾಗ ಬಲ್ಗೇರಿಯಾದ ಪೊಲೀಸರು ರೈಲಿನಿಂದ ಇಳಿಸಿ, ಅನ್ನ ನೀರು ಕೊಡದೆ ಕೂಡಿಹಾಕಿದ ಕಥೆಯನ್ನು ಅವರು ಅದರಲ್ಲಿ ಹೇಳುತ್ತಾರೆ. ಅದನ್ನು ನಾನು ಎಷ್ಟು ಸಲ ಕೇಳಿದ್ದೆನೆಂದರೆ, ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದೂ ಬಾಯಿಪಾಠವಾಗಿತ್ತು.

ಪದಗಳು ಒಂದೊಂದೂ ಒಂದೊಂದು ತಮಾಷೆ ತಂದವು. ‘ಸ್ಕೇಲ್’ ಅಂದರೆ ನಮಗೆ ಗೆರೆ ಎಳೆಯುವ ಮರದ ಪಟ್ಟಿ, ಮಂಡಿಯಲ್ಲಿ ತಕ್ಕಡಿ. ಅಲ್ಲಿ ಅದು ಹತ್ತನ್ನು ಹತ್ತು ಸಾವಿರ ಮಾಡುವ ವಿದ್ಯೆ. ‘ಪಿಚ್’ ಅಂದರೆ ಕ್ರಿಕೆಟ್ಟಿನದು ಅಂದುಕೊಂಡಿದ್ದೆ. ‘ಎಲಿವೇಟರ್ ಪಿಚ್’ ಅಂದರೆ ಲಿಫ್ಟು ಮೇಲಕ್ಕೆ ಹೋಗುವಷ್ಟರಲ್ಲಿ ಹಣವಂತನಿಗೆ ಹೇಳಿ ಮುಗಿಸಬೇಕಾದ ಮಾತಂತೆ. ನಮ್ಮೂರಿನಲ್ಲಿ ನನಗೆ ಗೊತ್ತಿದ್ದ ಯಾವ ಕಟ್ಟಡದಲ್ಲೂ ಲಿಫ್ಟಿರಲಿಲ್ಲ. ಹಣ ಹಾಕುವವನನ್ನು ‘ಏಂಜೆಲ್’ ಅನ್ನುತ್ತಾರೆ, ದೇವದೂತ. ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಗಳಿಗೆ ದುಡ್ಡು ಸುರಿಯುತ್ತಿದ್ದ ಶ್ರೀಮಂತರನ್ನು ಹಾಗೆ ಕರೆಯುತ್ತಿದ್ದರಂತೆ. ನಮ್ಮಲ್ಲಿ ದುಡ್ಡು ಕೊಟ್ಟವನನ್ನು ಯಾರೂ ದೇವದೂತ ಅನ್ನುವುದಿಲ್ಲ, ಸಾಹುಕಾರ ಅನ್ನುತ್ತಾರೆ, ಅದೂ ಎದುರಿಗೆ ಮಾತ್ರ.

ಉಚ್ಚರಿಸಲು ಬಹಳ ಕಾಡಿದ್ದು ಉದ್ಯಮಿ ಅನ್ನುವುದಕ್ಕಿರುವ ಪದ, ‘ಆಂತ್ರಪ್ರನರ್’. ಫ್ರೆಂಚಿನಿಂದ ಬಂದದ್ದು, ಕೈಗೆತ್ತಿಕೊಂಡವನು ಎಂದರ್ಥ. ಇಂಗ್ಲಿಷಿನವರು ಅದಕ್ಕೆ ಒಂದು ಕಾಲದಲ್ಲಿ ‘ಅಂಡರ್‌ಟೇಕರ್’ ಅನ್ನುತ್ತಿದ್ದರಂತೆ. ಆಮೇಲೆ ಆ ಪದ ಹೆಣ ಸಾಗಿಸುವವನ ಪಾಲಾಯಿತು, ಹಾಗಾಗಿ ಉದ್ಯಮಿಗೆ ಫ್ರೆಂಚರ ಪದವೇ ಗಟ್ಟಿಯಾಯಿತು. ಇದನ್ನು ಓದಿ ನಾನು ನಕ್ಕಿದ್ದೆ. ಪದದ ಚರಿತ್ರೆಯಲ್ಲಿ ಹೆಣವೊಂದು ಬಿದ್ದಿರುವುದನ್ನು ನೋಡಿಯೂ ನಕ್ಕೆನಲ್ಲ ಅಂತ ಈಗ ಅನ್ನಿಸುತ್ತದೆ. ಮಂಡಿಯ ಗೋಡೌನಿನಲ್ಲಿ ಚೀಲಗಳ ಮಧ್ಯೆ ನಿಂತು ‘ಆಂತ್ರಪ್ರನರ್, ಆಂತ್ರಪ್ರನರ್’ ಅನ್ನುತ್ತಿದ್ದಾಗ ಅಪ್ಪ ಒಳಗೆ ಬಂದು, “ಏನಲೇ ಅದು, ಯಾವ ದೇವರ ಮಂತ್ರ?” ಅಂದಿದ್ದರು.

ನೋಟ್‌ಬುಕ್ಕಿನ ಇಡೀ ವ್ಯವಸ್ಥೆಯಲ್ಲಿ ಒಂದು ದೋಷವಿತ್ತು, ಅದು ನನಗೆ ಕಾಣಿಸಲಿಲ್ಲ. ಪದದ ಅರ್ಥವನ್ನು ನಾನು ನಿಘಂಟಿನಿಂದ ತೆಗೆಯುತ್ತಿರಲಿಲ್ಲ, ಭಾಷಣದಿಂದಲೇ ಊಹಿಸುತ್ತಿದ್ದೆ. ಹಾಗೆ ಊಹಿಸಿ ಕಲಿತರೆ ಮನಸ್ಸಿನಲ್ಲಿ ನಿಲ್ಲುತ್ತದೆ ಎಂದು ಎಲ್ಲೋ ಓದಿದ್ದೆ. ನಿಲ್ಲುತ್ತದೆ, ನಿಜ. ತಪ್ಪಾಗಿ ಊಹಿಸಿದ್ದೂ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ. ‘ರಿಟರ್ನ್’ ಪದ ನನಗೆ ಸಿಕ್ಕಿದ್ದು ಹಣ ಹೂಡುವವನೊಬ್ಬನ ಭಾಷಣದಲ್ಲಿ. ಹತ್ತು ಪಟ್ಟು ರಿಟರ್ನ್, ಇಪ್ಪತ್ತು ಪಟ್ಟು ರಿಟರ್ನ್ ಎಂದು ಅವನು ಹೇಳುತ್ತಿದ್ದ, ಸಭೆ ಚಪ್ಪಾಳೆ ತಟ್ಟುತ್ತಿತ್ತು. ನಾನು ‘ಲಾಭ’ ಎಂದು ಬರೆದುಕೊಂಡೆ. ಆ ಭಾಷಣದ ಮಟ್ಟಿಗೆ ಅದು ಸರಿಯೇ.

ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಆ ವೇದಿಕೆಗೆ ಹತ್ತಿದವರೆಲ್ಲ ಗೆದ್ದ ಮೇಲೆ ಹತ್ತಿದವರು. ಸೋಲಿನ ಮಾತು ಅವರೂ ಆಡುತ್ತಾರೆ, ಧಾರಾಳವಾಗಿಯೇ ಆಡುತ್ತಾರೆ, ಆದರೆ ಆ ಸೋಲಿಗೆ ಆಗಲೇ ಬಾಕಿ ತೀರಿರುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಛಲಕ್ಕೆ ನಾಲ್ಕು ಪದವಿತ್ತು. ಏಂಜೆಲಾ ಡಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ 2013ರ ಆರು ನಿಮಿಷದ ಭಾಷಣದಲ್ಲಿ ಹೇಳಿದ ‘ಗ್ರಿಟ್’ಗಂತೂ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದೆ. ಕನಸಿಗೆ ಮೂರು, ಬೆಳವಣಿಗೆಗೆ ಐದು. ಉದ್ರಿಗೆ? ವಾಯಿದೆಗೆ? ಸರಕು ಕೆಟ್ಟರೆ ಯಾರ ತಲೆಗೆ ಅನ್ನುವುದಕ್ಕೆ? ಒಂದೂ ಇರಲಿಲ್ಲ. ಮಂಡಿಯಲ್ಲಿ ದಿನಕ್ಕೆ ನಲವತ್ತು ಸಲ ಕೇಳುವ ಮಾತುಗಳು ಆ ಹದಿನೆಂಟು ನಿಮಿಷಗಳಲ್ಲಿ ಬರುತ್ತಲೇ ಇರಲಿಲ್ಲ. ಬರಲಿಲ್ಲವಾದ್ದರಿಂದ ಅವು ದೊಡ್ಡ ವ್ಯಾಪಾರದ ಮಾತುಗಳಲ್ಲ ಎಂದು ನಾನು ತೀರ್ಮಾನಿಸಿದೆ.

2018ರಲ್ಲಿ ಮಂಡಿ ಬಿಟ್ಟು ಅಡಿಕೆ ಹಾಳೆ ತಟ್ಟೆಯ ಘಟಕ ಹಾಕಿದೆ. ತೋಟದಲ್ಲಿ ಹಾಳೆ ಉದುರುತ್ತದೆ, ದನ ತಿನ್ನುತ್ತದೆ, ಉಳಿದದ್ದು ಕೊಳೆಯುತ್ತದೆ. ಅದನ್ನೇ ಆಯ್ದು ತಂದು, ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಪ್ಲಾಸ್ಟಿಕ್ಕಿನ ಮೇಲೆ ರಾಜ್ಯದಲ್ಲಿ 2016ರಿಂದ ನಿಷೇಧವಿತ್ತು, ಮದುವೆ ಮನೆಗಳು ಹಾಳೆ ತಟ್ಟೆ ಕೇಳತೊಡಗಿದ್ದವು. ಯೋಚನೆ ಕೆಟ್ಟದ್ದೇನಲ್ಲ. ಈಗಲೂ ಹಾಗೇ ಅನ್ನುತ್ತೇನೆ, ನಮ್ಮ ಸುತ್ತಮುತ್ತ ಎಷ್ಟೋ ಜನ ಅದರಲ್ಲೇ ಬದುಕಿದ್ದಾರೆ. ಮುದ್ರಾ ಯೋಜನೆಯ ‘ಕಿಶೋರ’ ವರ್ಗದಲ್ಲಿ, ಅಂದರೆ ಐವತ್ತು ಸಾವಿರದಿಂದ ಐದು ಲಕ್ಷದ ತನಕ ಕೊಡುವ ಬಾಬತ್ತಿನಲ್ಲಿ, 2,40,000 ರೂಪಾಯಿ ಸಾಲ ಸಿಕ್ಕಿತು. ಶೆಡ್ಡಿಗೆ, ಹಾಳೆ ಕೊಳ್ಳಲಿಕ್ಕೆ ಇನ್ನೂ ಅರವತ್ತು ಸಾವಿರ ಬೇಕಿತ್ತು.

ಅದಕ್ಕೆ ಅಕ್ಕನ ಹತ್ತಿರ ಹೋದೆ. ಅಕ್ಕ ಎಸ್ಸೆಸ್ಸೆಲ್ಸಿ ಓದಿದವಳು, ಭಾವ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಅವಳಿಗೆ ನಾನು ನಾರಾಯಣ ಮೂರ್ತಿಯವರ ಕಥೆ ಹೇಳಿದೆ. 1981ರಲ್ಲಿ ಸುಧಾ ಮೂರ್ತಿಯವರು ಕೂಡಿಟ್ಟ ಹತ್ತು ಸಾವಿರ ಕೊಟ್ಟರು, ಅದರಿಂದ ಇನ್ಫೋಸಿಸ್ ಆಯಿತು, ನೀನೂ ಹಾಗೇ ಕೊಡು. ಅಕ್ಕ ಹಾಲಿನ ಕ್ಯಾನು ತೊಳೆಯುತ್ತಾ ಕೇಳಿಸಿಕೊಂಡಳು.

“ಅದು ಅವರ ಉಳಿತಾಯ ಕಣೋ. ನಾನು ಕೊಟ್ಟರೆ ಅದು ಸಂಘದ ಸಾಲ.”

ಕೊಟ್ಟಳು. ಸ್ತ್ರೀಶಕ್ತಿ ಸಂಘದಿಂದ ಅರವತ್ತು ಸಾವಿರ ತೆಗೆದುಕೊಟ್ಟಳು, ವಾರಕ್ಕೆ 650 ರೂಪಾಯಿಯ ಕಂತು. ಅವಳ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ, ಆದರೆ ಆಗ ನನಗೆ ಉತ್ತರಕ್ಕಿಂತ ದುಡ್ಡು ಬೇಕಿತ್ತು.

ಇಲ್ಲಿ ಒಂದು ಸಂಗತಿ ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಘಟಕ ಹಾಕಿ ಇನ್ನೂ ಐದು ತಿಂಗಳಾಗಿರಲಿಲ್ಲ, ಒಂದು ರೂಪಾಯಿ ಲಾಭ ಕಂಡಿರಲಿಲ್ಲ, ಅಷ್ಟರಲ್ಲಿ ನಾನು ಓದಿದ ಕಾಲೇಜಿನವರು ಭಾಷಣಕ್ಕೆ ಕರೆದರು. ಹೋದೆ. ಗೆದ್ದವರ ಹಾಗೆ ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡಿಕೊಂಡು, ಮೂರು ಕಥೆ ಹೇಳುತ್ತೇನೆ ಎಂದು ಶುರುಮಾಡಿ, ನಲವತ್ತು ನಿಮಿಷ ಮಾತಾಡಿದೆ. ಅರ್ಧ ಇಂಗ್ಲಿಷ್. ಸಭೆ ಮುಗಿದ ಮೇಲೆ ಹುಡುಗನೊಬ್ಬ ಬಂದು, “ಸರ್, ನೀವು ಟ್ರ್ಯಾಕ್ಷನ್ ಅಂದ್ರಲ್ಲ, ಹಂಗಂದ್ರೇನು ಸರ್?” ಅಂದ. ಕೊಳ್ಳುವವರು ತಾವಾಗಿ ಬರತೊಡಗುವುದು ಎಂದು ಹೇಳಬಹುದಿತ್ತು. ನಾನು ಹೆಗಲ ಮೇಲೆ ಕೈಯಿಟ್ಟು, “ಕೇಳ್ತಾ ಹೋಗು, ತಾನಾಗೇ ಗೊತ್ತಾಗುತ್ತೆ” ಅಂದೆ. ಆ ದಿನದ ತನಕ ನನ್ನ ತಟ್ಟೆ ಕೇಳಿಕೊಂಡು ತಾವಾಗಿ ಬಂದವರು ಒಬ್ಬರೂ ಇರಲಿಲ್ಲ.

2019ರ ಏಪ್ರಿಲಿನಲ್ಲಿ ಬೆಂಗಳೂರಿನ ಒಂದು ಕಂಪನಿಯಿಂದ ಫೋನು ಬಂತು. ಸಮಾರಂಭಗಳಿಗೆ ತಟ್ಟೆ ಲೋಟ ಒದಗಿಸುವವರು. ಮಾತಾಡಿದ ಹೆಣ್ಣುಮಗಳು ಒಂದೆರಡು ವಾಕ್ಯದ ನಂತರ, “ಸರ್, ಕನ್ನಡದಲ್ಲೇ ಮಾತಾಡಿ, ಪರವಾಗಿಲ್ಲ” ಅಂದರು. ಆ ‘ಪರವಾಗಿಲ್ಲ’ ನನಗೆ ಚುಚ್ಚಿತು. ಆ ಹಳೆಯ ಇಂಟರ್‌ವ್ಯೂನ ನೀರಿನ ಲೋಟ ಮತ್ತೆ ಎದುರಿಗೆ ಬಂದ ಹಾಗಾಯಿತು. ನಾನು ಇಂಗ್ಲಿಷಿನಲ್ಲೇ ಮುಂದುವರಿಸಿದೆ. ಸ್ಕೇಲ್ ಮಾಡುತ್ತೇವೆ ಅಂದೆ. ಸಸ್ಟೇನಬಲ್ ಅಂದೆ. ಅವರು ಸುಮ್ಮನಾದರು, ಎಲ್ಲ ಮೇಲ್‌ನಲ್ಲಿ ಕಳಿಸುತ್ತೇವೆ ಅಂದರು.

ಮೇಲ್ ಚಿಕ್ಕದು, ನೂರು ಪದದ ಆಸುಪಾಸು. ಹತ್ತಿಂಚಿನ ತಟ್ಟೆ 40,000, ಒಂದಕ್ಕೆ 2 ರೂಪಾಯಿ 60 ಪೈಸೆ, ಮೇ ಎರಡನೆಯ ವಾರದೊಳಗೆ ತಲುಪಬೇಕು. ಕೊನೆಯಲ್ಲಿ ಒಂದು ವಾಕ್ಯ: ಸರಕನ್ನು ‘ಸೇಲ್ ಆರ್ ರಿಟರ್ನ್’ ಆಧಾರದ ಮೇಲೆ ತೆಗೆದುಕೊಳ್ಳಲಾಗುವುದು. ನನಗೆ ಆ ಮೇಲ್‌ನಲ್ಲಿ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ. ಸೇಲ್ ಗೊತ್ತು, ಮಾರಾಟ. ರಿಟರ್ನ್ ಗೊತ್ತು, 212ನೆಯ ಪದ. ಮಾರಾಟ, ಲಾಭ. ಮಧ್ಯದ ‘ಆರ್’ ಸ್ವಲ್ಪ ತೊಡಕೆನಿಸಿತು, ಬರೆದವರು ಅವಸರದಲ್ಲಿ ‘ಆ್ಯಂಡ್’ ಬದಲು ಹಾಕಿರಬೇಕು ಅಂದುಕೊಂಡೆ. ನಗಬೇಡಿ. ಒಂದು ಲಕ್ಷದ ನಾಲ್ಕು ಸಾವಿರದ ಆರ್ಡರು ಕೈಗೆ ಬಂದಾಗ ಮನುಷ್ಯ ವ್ಯಾಕರಣವನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ.

ಆ ರಾತ್ರಿ ಅಕ್ಕನ ಮನೆಯಲ್ಲಿ ಊಟ. ಮೇಲ್ ಓದಿ ತೋರಿಸಿದೆ. ಅಕ್ಕ ಮುದ್ದೆ ಹಾಕುತ್ತಾ ನಿಂತಳು.

“ರಿಟರ್ನ್ ಅಂದ್ರೆ ವಾಪಸ್ಸು ಅಲ್ಲೇನೋ? ಸೀರೆ ಅಂಗಡೀಲಿ ಬೋರ್ಡು ಹಾಕಿರ್ತಾರಲ್ಲ, ರಿಟರ್ನ್ ತಗಳಲ್ಲ ಅಂತ.”

ನಾನು ನಕ್ಕೆ. ಜೋರಾಗಿಯೇ ನಕ್ಕೆ, ಅವಳ ಮಗಳೂ ನನ್ನ ಜೊತೆ ನಕ್ಕಳು. “ಅದು ಸೀರೆ ಅಂಗಡಿ ಇಂಗ್ಲಿಷು ಕಣಕ್ಕಾ, ಇದು ಬಿಸಿನೆಸ್ ಇಂಗ್ಲಿಷು. ರಿಟರ್ನ್ ಅಂದ್ರೆ ಇಲ್ಲಿ ಲಾಭ.” ಅಕ್ಕನಿಗೆ ನಾಚಿಕೆಯಾಯಿತು. ಸಾರು ಬಡಿಸಿ ಒಳಗೆ ಹೋದಳು. ಜೇಬಿನಲ್ಲಿ ಫೋನಿತ್ತು, ಫೋನಿನಲ್ಲಿ ನಿಘಂಟಿತ್ತು. ತೆಗೆಯಲಿಲ್ಲ. ತೆಗೆದರೆ ಅವಳ ಪ್ರಶ್ನೆಗೆ ಬೆಲೆ ಕೊಟ್ಟ ಹಾಗಾಗುತ್ತಿತ್ತು.

ಮೇ ತಿಂಗಳಲ್ಲಿ 40,000 ತಟ್ಟೆ ಹೋಯಿತು. ನಾಲ್ಕು ಜನ ಹೆಣ್ಣಾಳು, ನಾನು, ಹಗಲು ರಾತ್ರಿ ಒತ್ತಿದೆವು. ಕರೆಂಟು ಇದ್ದಾಗ ಅಚ್ಚು, ಇಲ್ಲದಾಗ ಅಂಚು ಕತ್ತರಿಸುವುದು. ಇಪ್ಪತ್ತೈದರ ಕಟ್ಟು ಕಟ್ಟಿ ಲಾರಿಗೆ ಹೇರಿದ ದಿನ ಫೋಟೋ ತೆಗೆದು ‘ಸ್ಕೇಲಿಂಗ್’ ಎಂದು ಸ್ಟೇಟಸ್ ಹಾಕಿಕೊಂಡಿದ್ದೆ. ಜೂನ್ ಪೂರ್ತಿ ದುಡ್ಡಿಗೆ ಕಾದೆ. ಕೇಳಿದರೆ ಸಣ್ಣವನಾಗುತ್ತೇನೆ ಎಂದು ಕೇಳಲಿಲ್ಲ.

ಜುಲೈ ಮೊದಲ ವಾರ, ಜಡಿಮಳೆ, ಸಂಜೆ ಆರರ ಹೊತ್ತಿಗೆ ಶೆಡ್ಡಿನ ಮುಂದೆ ಒಂದು 407 ಬಂದು ನಿಂತಿತು. ಡ್ರೈವರು ಚೀಟಿ ಕೊಟ್ಟ. 11,000 ತಟ್ಟೆ ಮಾರಿದೆ, 29,000 ವಾಪಸ್ಸು. ಮಾರಿದ್ದಕ್ಕೆ 28,600, ಅದರಲ್ಲಿ ಹೋಗಿ ಬರುವ ಲಾರಿ ಬಾಡಿಗೆ 7,200 ಮುರಿದುಕೊಂಡು 21,400 ರೂಪಾಯಿ ಖಾತೆಗೆ. ಆಷಾಢ ಹುಟ್ಟಿತ್ತು, ಇನ್ನು ಮದುವೆಗಳಿಲ್ಲ, ಅವರ ಗೋಡೌನಿನಲ್ಲಿ ಜಾಗವಿಲ್ಲ. ಟಾರ್ಪಾಲಿನಲ್ಲಿ ತೂತಿತ್ತೋ ಏನೋ, ಮೇಲಿನ ಕಟ್ಟುಗಳು ಆಗಲೇ ಒದ್ದೆ. ಹಾಳೆ ತಟ್ಟೆಯ ಗುಣ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮಳೆಗಾಲದ ತೇವಕ್ಕೆ ಸಿಕ್ಕರೆ ಒಂದಕ್ಕೆ ಹಿಡಿದ ಬೂಷ್ಟು ಪಕ್ಕದ್ದಕ್ಕೆ ಹಬ್ಬುತ್ತದೆ. ಶೆಡ್ಡಿನ ತುಂಬ ಹರಡಿ, ಫ್ಯಾನು ಹಾಕಿ, ಬಲ್ಬು ಇಳಿಬಿಟ್ಟು, ಹೊಗೆ ಹಾಕಿ ನೋಡಿದೆ. ಹದಿನೈದು ದಿನದಲ್ಲಿ ಹಸಿರು ಚುಕ್ಕೆ ಬೀಳದ ಕಟ್ಟು ಇರಲಿಲ್ಲ.

ಆ ಕಾಗದ ಹಿಡಿದುಕೊಂಡು ಮಂಡಿಗೆ ಹೋದೆ. ನನಗೆ ಪಟ್ಟಿ ಬರೆಯುವುದನ್ನು ಕಲಿಸಿದ ಹಿರಿಯ ಗುಮಾಸ್ತರು ಇನ್ನೂ ಅಲ್ಲೇ ಇದ್ದರು. ಮೊದಲು ದಾವಣಗೆರೆಯಲ್ಲಿ ಬಟ್ಟೆ ವ್ಯಾಪಾರಿಗಳ ಹತ್ತಿರ ಲೆಕ್ಕ ಬರೆದವರು. ಕನ್ನಡಕ ಹಾಕಿಕೊಳ್ಳದೆಯೇ, “ಓದಿ ಹೇಳಪ್ಪಾ” ಅಂದರು. ಹೇಳಿದೆ.

“ಜಾಂಗಡ್ ಕಣಯ್ಯ ಇದು. ಬಟ್ಟೆ, ಬಂಗಾರದೋರು ಹಿಂಗೇ ಕಳಿಸ್ತಾರೆ. ಮಾರಿದ್ರೆ ದುಡ್ಡು, ಮಾರದಿದ್ರೆ ಮಾಲು ವಾಪಸ್ಸು. ಮಾಲು ಅವರ ಹತ್ರ ಇದ್ರೂ ನಿಂದೇ. ಜಾಂಗಡ್‌ಗೆ ಯಾರಾದ್ರೂ ಮಳೆಗಾಲದ ಮುಂದೆ ಹಾಳೆ ತಟ್ಟೆ ಕೊಡ್ತಾರೇನಯ್ಯ?”

ನಾನು ಆರು ವರ್ಷ ಕೂತಿದ್ದ ಗದ್ದುಗೆಯಿಂದ ಮೂರು ಮಾರು ದೂರದಲ್ಲಿ ಆ ಪದ ಇತ್ತು. ಅಮೆರಿಕದಿಂದ ಅದು ಬರಬೇಕಾಗಿರಲಿಲ್ಲ.

ದಾವಣಗೆರೆಯ ಒಬ್ಬ ಆಡಿಟರ ಹತ್ತಿರವೂ ಹೋದೆ, ಏನಾದರೂ ದಾರಿ ಇದ್ದೀತೆಂದು. ಸಣ್ಣ ಉದ್ಯಮಗಳಿಗೆ ಕೊಳ್ಳುವವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬಡ್ಡಿ ಸೇರಿಸಿ ಕೊಡಬೇಕು ಎನ್ನುವ 2006ರ ಕಾಯ್ದೆಯ ವಿಷಯ ಯಾರೋ ಹೇಳಿದ್ದರು. ಅವರು ತಾಳ್ಮೆಯಿಂದ ಕೇಳಿ, ಕಪಾಟಿನಿಂದ ಇನ್ನೊಂದು ಪುಸ್ತಕ ತೆಗೆದರು. 1930ರ ಸರಕು ಮಾರಾಟ ಕಾಯ್ದೆ, 24ನೆಯ ಕಲಮು. ‘ಸೇಲ್ ಆರ್ ರಿಟರ್ನ್’ ಅಲ್ಲಿ ಅಚ್ಚಾಗಿತ್ತು. ಅಪ್ಪ ಹುಟ್ಟುವ ಮೊದಲೇ ಅಚ್ಚಾಗಿತ್ತು. “ಅವರು ಮಾರಿದ್ದಕ್ಕೆ ದುಡ್ಡು ಕೊಟ್ಟಿದ್ದಾರೆ. ಮಾರದ್ದು ಅವರದಲ್ಲ. ನಿಮಗೆ ಮೋಸ ಆಗಿಲ್ಲ” ಅಂದರು. ಮೋಸ ಆಗಿದ್ದರೆ ಎಷ್ಟು ಹಗುರವಾಗುತ್ತಿತ್ತು! ಊರಿನಲ್ಲಿ ನಾನು ಎರಡು ವರ್ಷ ಹೇಳಿಕೊಂಡು ತಿರುಗಿದ್ದು ಅದನ್ನೇ: ಬೆಂಗಳೂರಿನವರು ಕೈಕೊಟ್ಟರು. ಅದು ಸುಳ್ಳು. ಆ ಹೆಣ್ಣುಮಗಳು ಕನ್ನಡದಲ್ಲಿ ಮಾತಾಡಿ ಅಂದಿದ್ದರು. “ಮೇಡಂ, ಈ ಕೊನೆ ಸಾಲು ಏನು?” ಎಂದು ಕೇಳಿದ್ದರೆ ಒಂದು ನಿಮಿಷದಲ್ಲಿ ಬಿಡಿಸಿ ಹೇಳುತ್ತಿದ್ದರು.

ಪದ ಸಂಪತ್ತಿನ ಮೇಲೆ ಸಂಶೋಧನೆ ಮಾಡಿರುವ ನ್ಯೂಜಿಲೆಂಡಿನ ಪಾಲ್ ನೇಷನ್ ಎಂಬ ವಿದ್ವಾಂಸರ ಲೆಕ್ಕವೊಂದನ್ನು ಆಮೇಲೆ ಓದಿದೆ. ಒಂದು ಬರಹ ಯಾರ ನೆರವೂ ಇಲ್ಲದೆ ಅರ್ಥವಾಗಬೇಕಾದರೆ ಅದರ ನೂರಕ್ಕೆ 98 ಪದ ಗೊತ್ತಿರಬೇಕು, ಇಂಗ್ಲಿಷಿನಲ್ಲಿ ಅದಕ್ಕೆ ಎಂಟೊಂಬತ್ತು ಸಾವಿರ ಪದಕುಟುಂಬಗಳು ಬೇಕಾಗುತ್ತವೆ. ನನ್ನ 1,146 ಎಲ್ಲಿ! ಆದರೂ ನನಗೆ ಬಿದ್ದ ಪೆಟ್ಟಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಆ ಮೇಲ್‌ನಲ್ಲಿ ನನಗೆ ನೂರಕ್ಕೆ ನೂರೂ ಗೊತ್ತಿತ್ತು. ಗೊತ್ತಿಲ್ಲದ ಪದ ಬಂದಿದ್ದರೆ ಹುಡುಕುತ್ತಿದ್ದೆ.

ಬಿಲ್ ಗ್ರಾಸ್ ಎಂಬ ಅಮೆರಿಕದ ಉದ್ಯಮಿಯ 2015ರ ಭಾಷಣ ನನ್ನ ನೋಟ್‌ಬುಕ್ಕಿನ ಮೊದಲ ಪುಟಗಳಲ್ಲೇ ಇದೆ. ತಾನು ಕಟ್ಟಿದ ಕಂಪನಿಗಳು, ಬೇರೆಯವರ ಕಂಪನಿಗಳು, ಎಲ್ಲ ಸೇರಿಸಿ ಇನ್ನೂರರ ಸೋಲು ಗೆಲುವು ತೂಗಿ ನೋಡಿದಾಗ, ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಮಾಡಿದ್ದು ಸಮಯ, ಶೇಕಡಾ 42ರಷ್ಟು, ಯೋಚನೆಗಿಂತ, ಹಣಕ್ಕಿಂತ ಹೆಚ್ಚು ಎಂದು ಆತ ಹೇಳುತ್ತಾನೆ. ಹಣಕ್ಕೆ ಸಿಕ್ಕಿದ್ದು ಬರೀ 14. ಅವನದೇ ಒಂದು ವಿಡಿಯೋ ಕಂಪನಿ ಜನರ ಮನೆಗೆ ವೇಗದ ಇಂಟರ್ನೆಟ್ ಬರುವ ಮುಂಚೆ ಹುಟ್ಟಿ ಮುಳುಗಿತು, ಸ್ವಲ್ಪ ವರ್ಷಕ್ಕೆ ಯೂಟ್ಯೂಬ್ ಬಂದು ಗೆದ್ದಿತು. ನಾನು ‘ಟೈಮಿಂಗ್’ ಎಂದು ಬರೆದು, ಪಕ್ಕದಲ್ಲಿ 42 ಎಂದು ಹಾಕಿ, ಸುತ್ತ ಚೌಕ ಎಳೆದಿದ್ದೇನೆ. ಆಷಾಢದಲ್ಲಿ ಮದುವೆ ಇಲ್ಲ ಎಂಬುದು ನಮ್ಮನೆಯ ಎಮ್ಮೆಗೂ ಗೊತ್ತು. ಟೈಮಿಂಗ್ ಎಂಬ ಇಂಗ್ಲಿಷ್ ಪದಕ್ಕೂ ಆಷಾಢಕ್ಕೂ ಸಂಬಂಧವಿರಬಹುದೆಂದು ಮಾತ್ರ ನನಗೆ ಹೊಳೆಯಲಿಲ್ಲ. ಹಾಳೆ ಸಿಗುವುದು ಬೇಸಿಗೆಯಲ್ಲಿ, ಆ ಸರಕು ಮಳೆಗೆ ಮುಂಚೆ ಕೈಬಿಡಬೇಕು, ಲಗ್ನದ ಸುಗ್ಗಿ ಆಷಾಢಕ್ಕೆ ನಿಲ್ಲುತ್ತದೆ. ಈ ಮೂರನ್ನು ಕೂಡಿಸಲು ಯಾವ ಭಾಷಣವೂ ಬೇಕಿರಲಿಲ್ಲ.

‘ಆಂತ್ರಪ್ರನರ್’ ಪದದ ಬೆನ್ನು ಹತ್ತಿ ಹೋದಾಗ ರಿಚರ್ಡ್ ಕ್ಯಾಂಟಿಲಾನ್ ಎಂಬ ಬ್ಯಾಂಕರನ ಹೆಸರು ಸಿಕ್ಕಿತು. ಅವನು ಸತ್ತು ಎಷ್ಟೋ ವರ್ಷದ ಮೇಲೆ, 1755ರಲ್ಲಿ, ಅಚ್ಚಾದ ಪುಸ್ತಕದಲ್ಲಿ ಈ ಪದಕ್ಕೆ ಅರ್ಥಶಾಸ್ತ್ರದಲ್ಲಿ ಜಾಗ ಸಿಕ್ಕಿತಂತೆ. ಅವನ ಪ್ರಕಾರ ಅಂಥವನು ಗೊತ್ತಿರುವ ಬೆಲೆಗೆ ಕೊಂಡು ಗೊತ್ತಿಲ್ಲದ ಬೆಲೆಗೆ ಮಾರುವವನು. ಹಾಗೆ ನೋಡಿದರೆ ನಮ್ಮ ಮಂಡಿಯ ಸಾಹುಕಾರರು, ತಲೆ ಮೇಲೆ ಹೊತ್ತು ತರಕಾರಿ ಮಾರುವ ಮುದುಕಿ, ಎಲ್ಲರೂ ಅದೇ ಪಂಗಡ. ವೇದಿಕೆ ಹತ್ತಿ ಭಾಷಣ ಮಾಡದ ಕಾರಣಕ್ಕೆ ನಾನು ಅವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಭಾಷಣ ಕೇಳುವುದನ್ನು ಬಿಟ್ಟಿಲ್ಲ. ಬಿಡಬೇಕೆಂದು ಯಾರಿಗೂ ಹೇಳುವುದೂ ಇಲ್ಲ. ಕಿವಿ ತಿದ್ದಲು, ಬಾಯಿಯ ಅಂಜಿಕೆ ಬಿಡಿಸಲು ಅದರಷ್ಟು ಅಗ್ಗದ ಮೇಷ್ಟ್ರು ಬೇರೆ ಇಲ್ಲ. ಆದರೆ ನೋಟ್‌ಬುಕ್ಕಿನ ಇನ್ನೊಂದು ತುದಿಯಿಂದ ಬೇರೆ ಪಟ್ಟಿ ಶುರು ಮಾಡಿದ್ದೇನೆ. ಅದರ ಪದಗಳೆಲ್ಲ ನನ್ನದೇ ಕಾಗದಗಳಿಂದ ತೆಗೆದವು. ಬ್ಯಾಂಕಿನ ಮಂಜೂರಾತಿ ಪತ್ರದಲ್ಲಿದ್ದ ‘ಹೈಪಾಥಿಕೇಶನ್’, ಅಂದರೆ ಯಂತ್ರ ನನ್ನ ಶೆಡ್ಡಿನಲ್ಲಿದ್ದರೂ ಸಾಲ ತೀರುವ ತನಕ ಅದರ ಮೇಲೆ ಬ್ಯಾಂಕಿನ ಹಕ್ಕು. ‘ಮೊರಟೋರಿಯಂ’, ಅಂದರೆ ಕಂತಿಗೆ ಬಿಡುವು, ಬಡ್ಡಿಗೆ ಬಿಡುವಿಲ್ಲ. ಆ ಪತ್ರಕ್ಕೆ ನಾನು ಏಳು ಕಡೆ ಸಹಿ ಹಾಕಿದ್ದೆ, ಒಂದು ಪುಟವನ್ನೂ ಓದಿರಲಿಲ್ಲ. ಈ ಪಟ್ಟಿಯಲ್ಲಿ ಒಂದೊಂದು ಪದಕ್ಕೂ ಮೂರು ಕಾಲಂ: ಇಂಗ್ಲಿಷ್, ನಿಘಂಟಿನ ಅರ್ಥ, ನಮ್ಮ ಪೇಟೆಯಲ್ಲಿ ಅದಕ್ಕೆ ಏನನ್ನುತ್ತಾರೆ. ಮೂರನೆಯದು ತುಂಬದೆ ಮುಂದಿನ ಪದಕ್ಕೆ ಹೋಗುವುದಿಲ್ಲ. ಇಲ್ಲಿಯವರೆಗೆ ಅರವತ್ತಮೂರು ಪದವಾಗಿದೆ.

ಇನ್ನು ಬೆಲೆ. ವಾಪಸ್ಸು ಬಂದ ತಟ್ಟೆಯ ಬಾಬತ್ತು 75,400, ಲಾರಿ ಬಾಡಿಗೆ 7,200, ಒಟ್ಟು 82,600 ರೂಪಾಯಿ. ಯಂತ್ರವನ್ನು ಬ್ಯಾಂಕಿನವರ ಒಪ್ಪಿಗೆ ಪಡೆದು ತೀರ್ಥಹಳ್ಳಿ ಕಡೆಯವರಿಗೆ ಮಾರಿದೆ, ಉಳಿದ ಸಾಲವನ್ನು ಮಂಡಿಯ ಸಂಬಳದಲ್ಲಿ ತೀರಿಸುತ್ತಾ ಬಂದೆ. ಸಾಹುಕಾರರು ಏನೂ ಕೇಳದೆ ಮತ್ತೆ ಗದ್ದುಗೆ ಕೊಟ್ಟರು. ಬೂಷ್ಟು ಹಿಡಿದ ತಟ್ಟೆಗಳನ್ನು ಆ ಮಳೆಗಾಲವಿಡೀ ಅಕ್ಕನ ಮನೆಯ ನೀರೊಲೆಗೆ ಹಾಕಿದೆವು. ಚೆನ್ನಾಗಿ ಉರಿಯುತ್ತಿದ್ದವು. ಅವಳು ಒಮ್ಮೆಯೂ ‘ನಾನು ಹೇಳಿರಲಿಲ್ಲವೇ’ ಅನ್ನಲಿಲ್ಲ. ನಾನೂ ಬಹಳ ದಿನ ಬಾಯಿಬಿಡಲಿಲ್ಲ. ಕೊನೆಗೊಂದು ದಿನ ಒಲೆಯ ಮುಂದೆ ಕೂತು, “ನೀನಂದಿದ್ದೇ ಸರಿ ಕಣಕ್ಕಾ, ರಿಟರ್ನ್ ಅಂದ್ರೆ ವಾಪಸ್ಸು” ಅಂದೆ. ಅವಳು ಇನ್ನೆರಡು ತಟ್ಟೆ ಒಲೆಗೆ ತುರುಕಿ, “ನೀರು ಕಾದೈತೆ, ಮೊದಲು ಸ್ನಾನ ಮಾಡ್ಕೊಂಡು ಬಾ” ಅಂದಳು.

ಮಧ್ಯೆ ಕೊರೊನಾ ಬಂದು ಸಂಘದ ವಾರದ ಸಭೆ ಕೆಲವು ತಿಂಗಳು ನಿಂತಿತ್ತು. ಅಕ್ಕನ ಹೆಸರಿನ ಸಾಲದ ಕೊನೆಯ ಕಂತನ್ನು 2021ರ ಫೆಬ್ರವರಿ 3ರ ಬುಧವಾರ ಕಟ್ಟಿದೆ. 650 ರೂಪಾಯಿ. ಅದರ ರಸೀದಿಯನ್ನು ನೋಟ್‌ಬುಕ್ಕಿನಲ್ಲಿ 212ನೆಯ ಪದವಿರುವ ಪುಟಕ್ಕೆ ಪಿನ್ನು ಹೊಡೆದು ಇಟ್ಟಿದ್ದೇನೆ.